ಸಿಂಧೂ ಮತ್ತು ಮೆಸೊಪೊಟೇಮಿಯಾ: ಮಕ್ಕಳು ಕೇಳಿದ ಎರಡು ಪ್ರಶ್ನೆಗೆ ಏನು ಹೇಳಲಿ?

ಹುಣಸಗಿ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಹುಣಸಗಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಎಂಟನೇ ತರಗತಿಗೆ ಸಮಾಜ ವಿಜ್ಞಾನ ಹೇಳ್ತೀನಿ. ಸಿಂಧೂ ಬಯಲಿನ ನಾಗರಿಕತೆಯನ್ನೂ ಮೆಸೊಪೊಟೇಮಿಯಾವನ್ನೂ (ಇವತ್ತಿನ ಇರಾಕ್ ಕಡೆ) ಹೋಲಿಸುವ ಪಾಠ ನಡೆದಿದೆ. ಬೋರ್ಡಿನ ನಡುವೆ ಗೆರೆ ಎಳೆದು ಎರಡು ಕಡೆ ಬರೆದೆ. ಈ ಕಡೆ ಸಿಂಧೂ, ರಾವಿ. ಆ ಕಡೆ ಟೈಗ್ರಿಸ್, ಯೂಫ್ರೆಟಿಸ್. ಈ ಕಡೆ ಮೊಹೆಂಜೊದಾರೊ, ಹರಪ್ಪಾ. ಆ ಕಡೆ ಉರ್, ಉರುಕ್. ಈ ಕಡೆ ದೊಡ್ಡ ಸ್ನಾನದ ಕೊಳ, ಆ ಕಡೆ ಜಿಗ್ಗುರಾತ್ ಅನ್ನೋ ಗೋಪುರದಂಥ ಗುಡಿ. ಈ ಕಡೆ ಓದಲಾಗದ ಲಿಪಿ, ಆ ಕಡೆ ಓದಬಹುದಾದ ಬೆಣೆಲಿಪಿ.

ಮಕ್ಕಳು ಎಲ್ಲ ಬರೆದುಕೊಂಡರು. ಬರೆದು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ಕೇಳಿದಳು: "ಟೀಚರ್, ಇವರಿಗೆ ಅವರು ಇದ್ದಾರಂತ ಗೊತ್ತಿತ್ತೇನ್ರಿ?" ಅವಳ ಹಿಂದಿನ ಹುಡುಗ ಸುಮ್ನೆ ಇರಲಿಲ್ಲ. "ಅವರೆಲ್ಲ ಊರು ಕಟ್ಟೋವಾಗ ನಮ್ಮ ಕಡೆ ಏನಿತ್ರಿ?" ಅಂದ.

ಪ್ರಶ್ನೆ ಎರಡೂ ಬಹಳ ಚೆನ್ನಾಗಿವೆ ಅನ್ನಿಸ್ತು. ನಾಳೆ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಇದರ ಜೊತೆಗೆ ನನ್ನದೂ ಒಂದು ಪ್ರಶ್ನೆ ಇದೆ. ಪಟ್ಟಿ ಮಾಡಿದರೆ ಮಾರ್ಕ್ಸ್ ಬರುತ್ತವೆ, ಸರಿ. ಆದರೆ ಎರಡು ನಾಗರಿಕತೆಗಳ ನಡುವೆ ನಿಜವಾದ ವ್ಯತ್ಯಾಸ ಎಲ್ಲಿಂದ ಶುರುವಾಯಿತು? ಅದನ್ನು ನಮ್ಮ ಮಕ್ಕಳಿಗೆ ಅರ್ಥ ಆಗುವ ಹಾಗೆ ಹೇಗೆ ಹೇಳೋದು? ಇವರು ಕಾಲುವೆ ನೋಡಿದ ಮಕ್ಕಳು, ಹೊಲಕ್ಕೆ ಹೋಗುವ ಮಕ್ಕಳು. 2020ರಲ್ಲಿ ಭೀಮಾ ನದಿ ಉಕ್ಕಿದಾಗ ಕೆಲವರ ನೆಂಟರ ಮನೆಗೆ ನೀರು ನುಗ್ಗಿತ್ತು. ಆ ಕಡೆಯಿಂದ ಹೇಳಿದರೆ ಹಿಡಿಯುತ್ತಾರೆ ಅನ್ನೋದು ನನ್ನ ನಂಬಿಕೆ. ತಿಳಿದವರು ದಯವಿಟ್ಟು ಬರೆಯಿರಿ.

ಕಲಬುರಗಿ ರೀಡಿಂಗ್ ರೂಮ್:

ಮೇಡಂ, ಮೊದಲ ಪ್ರಶ್ನೆಗೆ ನಾನು ಹೇಳ್ತೀನಿ. ಕೆಎಎಸ್ ತಯಾರಿ ನಡೆಸಿದ್ದೀನಿ, ಈ ಭಾಗ ನನಗೆ ಬಹಳ ಇಷ್ಟ.

ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಮೆಸೊಪೊಟೇಮಿಯಾದವರು ಪೂರ್ವದ ಒಂದು ದೇಶವನ್ನು ಮೆಲುಹ್ಹಾ ಅಂತ ಕರೆಯುತ್ತಿದ್ದರು. ಅದು ಸಿಂಧೂ ಕಡೆಯ ನಾಡು ಅಂತ ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಕ್ರಿ.ಪೂ. 2300ರ ಸುಮಾರಿಗೆ ಮೆಸೊಪೊಟೇಮಿಯಾದ ಅಕ್ಕಾದ್ ನಗರದಿಂದ ಆಳಿದ ದೊರೆ ಸಾರ್ಗನ್ ತನ್ನ ಶಾಸನದಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ: ಮೆಲುಹ್ಹಾ, ಮಗಾನ್, ದಿಲ್ಮುನ್ ಹಡಗುಗಳನ್ನು ತನ್ನ ಊರಿನ ಕಟ್ಟೆಗೆ ತಂದು ಕಟ್ಟಿಸಿದೆ ಅಂತ. ಮಗಾನ್ ಅಂದರೆ ಇವತ್ತಿನ ಒಮಾನ್ ಕಡೆ. ದಿಲ್ಮುನ್ ಅಂದರೆ ಬಹ್ರೇನ್ ಕಡೆ. ಅಂದರೆ ಸಮುದ್ರದ ದಂಡೆ ಹಿಡಿದು ಊರಿಂದ ಊರಿಗೆ ಹೋಗುವ ದಾರಿ.

ಇದಕ್ಕಿಂತ ನನಗೆ ಇಷ್ಟವಾದದ್ದು ಒಂದು ಪುಟ್ಟ ಮುದ್ರೆ. ಅದು ಈಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದರ ಒಡೆಯನ ಹೆಸರು ಶು-ಇಲಿಶು. ಅವನ ಕೆಲಸ ಏನು ಅಂತಲೂ ಅದರಲ್ಲೇ ಕೆತ್ತಿದೆ: ಮೆಲುಹ್ಹಾ ಭಾಷೆಯ ದುಭಾಷಿ. ನಾಲ್ಕು ಸಾವಿರ ವರ್ಷದ ಹಿಂದೆ ಸಿಂಧೂ ಜನರ ಮಾತನ್ನು ಇನ್ನೊಬ್ಬರಿಗೆ ತಿಳಿಸಿ ಹೇಳೋದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ ಒಬ್ಬ ಮನುಷ್ಯ! ವ್ಯಾಪಾರ ಜೋರಾಗಿ ನಡೆಯದೆ ಅಂಥವನೊಬ್ಬ ಬೇಕಾಗುತ್ತಿರಲಿಲ್ಲ, ಅಲ್ವಾ?

ವಸ್ತುಗಳ ಸಾಕ್ಷಿಯೂ ಇದೆ. ಉರ್ ನಗರದ ರಾಜ ಸಮಾಧಿಗಳಲ್ಲಿ ಸಿಂಧೂ ಕಡೆಯ ಕಾರ್ನೀಲಿಯನ್ ಅನ್ನೋ ಕೆಂಪು ಕಲ್ಲಿನ ಮಣಿಗಳು ಸಿಕ್ಕಿವೆ. ಸಿಂಧೂ ಮಾದರಿಯ ಮುದ್ರೆಗಳು ಅಲ್ಲಿ ಸಿಕ್ಕಿವೆ. ಸಿಂಧೂ ತೂಕದ ಕಲ್ಲುಗಳು ಬಹ್ರೇನ್‌ನಲ್ಲಿ ಸಿಕ್ಕಿವೆ. ಈ ಕಡೆ ಗುಜರಾತಿನ ಲೋಥಲ್‌ನಲ್ಲಿ ಪರ್ಷಿಯನ್ ಕೊಲ್ಲಿಯ ಮಾದರಿಯ ಒಂದು ದುಂಡು ಮುದ್ರೆ ಸಿಕ್ಕಿದೆ. ಲೋಥಲ್ ಅಗೆಸಿದವರು ನಮ್ಮ ಕರ್ನಾಟಕದವರೇ, ಶಿಕಾರಿಪುರ ರಂಗನಾಥ ರಾವ್. ಇದನ್ನು ಮಕ್ಕಳಿಗೆ ಮರೆಯದೆ ಹೇಳಿ ಮೇಡಂ.

ಒಂದು ಮಾತು ಗಮನಿಸಬೇಕು. ಇಲ್ಲಿಂದ ಅಲ್ಲಿಗೆ ಹೋದ ವಸ್ತು ಬೇಕಾದಷ್ಟು ಸಿಗುತ್ತವೆ. ಅಲ್ಲಿಂದ ಇಲ್ಲಿಗೆ ಬಂದದ್ದು ತೀರಾ ಕಡಿಮೆ. ಅವರು ಬಟ್ಟೆ, ಉಣ್ಣೆ, ಕಾಳು ಕೊಟ್ಟಿರಬಹುದು, ಅವು ಮಣ್ಣಲ್ಲಿ ಉಳಿಯೋದಿಲ್ಲ.

ಶಹಾಬಾದ್ ಗೌಂಡಿ:

ಟೀಚರ್, ಇಟ್ಟಿಗೆಯ ವಿಷಯ ಬಿಡಬೇಡಿ. ಸಿಂಧೂ ಊರುಗಳಲ್ಲಿ ಇಟ್ಟಿಗೆಯ ದಪ್ಪ, ಅಗಲ, ಉದ್ದ 1:2:4 ಲೆಕ್ಕದಲ್ಲಿ ಇರುತ್ತಿದ್ದವು. ಮನೆಗೆ ಹಾಕುವ ಇಟ್ಟಿಗೆ ಸುಮಾರು 7, 14, 28 ಸೆಂಟಿಮೀಟರ್. ಯಾಕೆ ಈ ಲೆಕ್ಕ ಅಂದರೆ, ಒಂದು ಇಟ್ಟಿಗೆ ಉದ್ದಕ್ಕೆ ಇಟ್ಟರೆ ಅದರ ಪಕ್ಕ ಎರಡು ಇಟ್ಟಿಗೆ ಅಡ್ಡಕ್ಕೆ ಸರಿಯಾಗಿ ಕೂರುತ್ತವೆ. ಒಂದು ವರಸೆ ಉದ್ದ, ಮೇಲಿನ ವರಸೆ ಅಡ್ಡ. ಸಂದಿಯ ಮೇಲೆ ಸಂದಿ ಬರೋದಿಲ್ಲ, ಗೋಡೆ ಸೀಳೋದಿಲ್ಲ. ಇವತ್ತೂ ನಾವು ಒಂದು ಇಟ್ಟಿಗೆ ದಪ್ಪದ ಗೋಡೆ ಕಟ್ಟೋದು ಹಾಗೇ. ಬಾವಿಗೆ ಬೇರೆ ಇಟ್ಟಿಗೆ: ಒಂದು ತುದಿ ಅಗಲ, ಇನ್ನೊಂದು ಸಣ್ಣ. ಸುತ್ತ ಜೋಡಿಸಿದರೆ ದುಂಡಗೆ ಬಿಗಿಯುತ್ತದೆ. ಹೊರಗಿನ ಮಣ್ಣು ಒತ್ತಿದಷ್ಟೂ ಬಿಗಿ.

ಗಟಾರಗಳನ್ನೂ ಇಟ್ಟಿಗೆಯಲ್ಲಿ ಕಟ್ಟಿ, ಮೇಲೆ ಇಟ್ಟಿಗೆ ಇಲ್ಲವೇ ಕಲ್ಲಿನ ಚಪ್ಪಡಿ ಮುಚ್ಚಿದ್ದರು. ಬೇಕಾದಾಗ ಎತ್ತಿ ಒಳಗಿನ ರಾಡಿ ತೆಗೆಯಬಹುದು. ನಮ್ಮ ಕಡೆ ಗಟಾರದ ಮೇಲೆ ಫರ್ಸಿ ಹಾಕುತ್ತೇವಲ್ಲ, ಅದೇ ಕೆಲಸ. ಮೆಸೊಪೊಟೇಮಿಯಾದಲ್ಲೂ ಮಣ್ಣಿನ ಕೊಳವೆ, ಇಂಗುಗುಂಡಿ ಇದ್ದವು. ಆದರೆ ಅಲ್ಲಿ ಸುಟ್ಟ ಇಟ್ಟಿಗೆಯ ಶ್ರಮ ಜಾಸ್ತಿ ಹೋಗಿದ್ದು ಗುಡಿಗೆ. ಉರ್‌ನ ಜಿಗ್ಗುರಾತ್ ನೋಡಿ: ಒಳಗೆಲ್ಲ ಹಸಿ ಇಟ್ಟಿಗೆ, ಹೊರಮೈಗೆ ಮಾತ್ರ ಸುಟ್ಟ ಇಟ್ಟಿಗೆ, ನಡುವೆ ಡಾಂಬರು. ಮೊಹೆಂಜೊದಾರೊದಲ್ಲಿ ಅದೇ ಡಾಂಬರನ್ನು ಸ್ನಾನದ ಕೊಳ ಸೋರದ ಹಾಗೆ ಬಳಿದರು. ಸಾಮಾನು ಒಂದೇ, ಹಾಕಿದ ಜಾಗ ಬೇರೆ.

ಶಹಾಪುರ ಕಾಲುವೆ ಅಂಚು:

ತಂಗಿ, ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಈಗ ಶಹಾಪುರ ತಾಲೂಕಿನಲ್ಲಿ ನಮ್ಮ ಹೊಲ ನೋಡಿಕೊಂಡಿದ್ದೇನೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬರುವ ಹೊಲ. ನಿನ್ನ ಮೂರನೇ ಪ್ರಶ್ನೆ, ವ್ಯತ್ಯಾಸ ಎಲ್ಲಿಂದ ಶುರುವಾಯಿತು ಅನ್ನೋದಕ್ಕೆ ನನ್ನ ಉತ್ತರ ಒಂದೇ: ನೀರು ಯಾವ ತಿಂಗಳು ಬರುತ್ತಿತ್ತು ಅನ್ನೋದರಿಂದ.

ಟೈಗ್ರಿಸ್, ಯೂಫ್ರೆಟಿಸ್ ಎರಡೂ ಟರ್ಕಿಯ ಬೆಟ್ಟಗಳಲ್ಲಿ ಹುಟ್ಟುತ್ತವೆ. ಅಲ್ಲಿ ಹಿಮ ಕರಗೋದು ವಸಂತದಲ್ಲಿ. ಹಾಗಾಗಿ ಕೆಳಗಿನ ಬಯಲಿಗೆ ಪ್ರವಾಹ ಬರೋದು ಏಪ್ರಿಲ್, ಮೇ ತಿಂಗಳಲ್ಲಿ. ಅಲ್ಲಿನ ರೈತರು ಜವೆಗೋಧಿ ಬಿತ್ತುತ್ತಿದ್ದದ್ದು ಚಳಿಗಾಲಕ್ಕೆ ಮುಂಚೆ, ಕೊಯ್ಯುತ್ತಿದ್ದದ್ದು ಏಪ್ರಿಲ್ ಹೊತ್ತಿಗೆ. ಇದರ ಕಷ್ಟ ನೋಡು. ಬಿತ್ತುವಾಗ ನದಿ ಬತ್ತಿ ಕೂತಿರುತ್ತದೆ, ನೀರು ಬೇಕು ಅಂದರೂ ಇಲ್ಲ. ತೆನೆ ಬಂದು ನಿಂತಾಗ ಬೇಡ ಬೇಡ ಅಂದರೂ ಮೇಲೆ ಬೀಳುತ್ತದೆ. ಹೀಗಾಗಿ ಒಂದು ಕಡೆ ಒಡ್ಡು ಹಾಕಿ ನೀರು ತಡೆಯಬೇಕು, ಇನ್ನೊಂದು ಕಡೆ ದೂರದಿಂದ ಕಾಲುವೆ ತೋಡಿ ನೀರು ತರಬೇಕು. ಕಾಲುವೆಯಲ್ಲಿ ವರ್ಷಾವರ್ಷ ಹೂಳು ತುಂಬುತ್ತದೆ, ತೆಗೆಯಬೇಕು. ಇದು ಒಬ್ಬ ರೈತನ ಕೆಲಸವಲ್ಲ. ಊರೆಲ್ಲ ಸೇರಬೇಕು. ಯಾರು ಎಷ್ಟು ಆಳು ಕಳಿಸಿದರು, ಯಾರಿಗೆ ಎಷ್ಟು ಜವೆ ಕೂಲಿ ಕೊಟ್ಟೆವು ಅಂತ ಲೆಕ್ಕ ಇಡಬೇಕು.

ಉರುಕ್‌ನಲ್ಲಿ ಸಿಕ್ಕ ಅತ್ಯಂತ ಹಳೆಯ ಮಣ್ಣಿನ ಹಲಗೆಗಳು ಕ್ರಿ.ಪೂ. 3300ರಿಂದ 3000ದ ನಡುವಿನವು. ಅವುಗಳಲ್ಲಿ ಹೆಚ್ಚಿನವು ಕಥೆಯೂ ಅಲ್ಲ, ಪ್ರಾರ್ಥನೆಯೂ ಅಲ್ಲ. ಕಾಳು, ಕುರಿ, ಕೂಲಿಯ ಲೆಕ್ಕ. ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಾನೂನು ಅಂದರೆ ಮಕ್ಕಳಿಗೆ ಬರೀ ಕಣ್ಣಿಗೆ ಕಣ್ಣು ಅಂತ ಹೇಳಿ ಮುಗಿಸುತ್ತೇವೆ. ಅದರ 53, 54ನೇ ನಿಯಮ ಓದಿ ಹೇಳು, ನಮ್ಮ ಹಳ್ಳಿ ಮಕ್ಕಳು ಬಾಯಿ ತೆರೆದು ಕೇಳುತ್ತಾರೆ. ಒಬ್ಬ ಸೋಮಾರಿತನದಿಂದ ತನ್ನ ಒಡ್ಡು ಗಟ್ಟಿ ಮಾಡದೆ, ಅದು ಒಡೆದು ಪಕ್ಕದವರ ಹೊಲ ಮುಳುಗಿದರೆ, ಹಾಳಾದ ಕಾಳನ್ನು ಅವನೇ ತುಂಬಿಕೊಡಬೇಕು. ಕೊಡಲಾಗದಿದ್ದರೆ ಅವನನ್ನೂ ಅವನ ಆಸ್ತಿಯನ್ನೂ ಮಾರಿ ಆ ದುಡ್ಡನ್ನು ನಷ್ಟವಾದವರು ಹಂಚಿಕೊಳ್ಳಬೇಕು. ಹಮ್ಮುರಾಬಿ ತನ್ನ ಅಧಿಕಾರಿಗಳಿಗೆ ಬರೆಸಿದ ಓಲೆಗಳಲ್ಲೂ ಕಾಲುವೆ ಹೂಳು ತೆಗೆಸು ಅನ್ನುವ ಅಪ್ಪಣೆ ಬರುತ್ತದೆ. ಕಾಲುವೆ ನೀರಿಗೆ ಜಗಳ ಆಡಿದ ಊರಿನವರಿಗೆ ಇದು ಹೊಸದಲ್ಲ.

ಈಗ ಸಿಂಧೂ ಕಡೆ ಬಾ. ಅಲ್ಲಿ ಹಿಮ ಕರಗಿದ ನೀರಿಗೆ ಮುಂಗಾರು ಮಳೆಯೂ ಸೇರಿ ಜುಲೈ, ಆಗಸ್ಟ್‌ನಲ್ಲಿ ನದಿ ಉಕ್ಕುತ್ತದೆ. ಆಮೇಲೆ ಇಳಿಯುತ್ತದೆ. ಇಳಿದ ಜಾಗದಲ್ಲಿ ಹೊಸ ಮೆಕ್ಕಲು, ಒಳಗೆ ಹಸಿ. ಅದರಲ್ಲಿ ಗೋಧಿ, ಜವೆಗೋಧಿ ಬಿತ್ತಿ ಬೇಸಿಗೆಗೆ ಮುಂಚೆ ಕೊಯ್ದುಕೊಳ್ಳಬಹುದು. ಮುಂದಿನ ಪ್ರವಾಹ ಬರುವ ಹೊತ್ತಿಗೆ ಕಾಳು ಮನೆಯಲ್ಲಿ. ನಾವು ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತೋದು ಹೇಗೆ? ಮಳೆ ನೆಲದೊಳಗೆ ಬಿಟ್ಟುಹೋದ ಹಸಿಯ ಮೇಲೆ. ಅದೇ ಜಾತಿಯ ಬೇಸಾಯ. ಅದಕ್ಕೇ ಮೊಹೆಂಜೊದಾರೊ ಸುತ್ತ ಮೆಸೊಪೊಟೇಮಿಯಾದಂಥ ದೊಡ್ಡ ಕಾಲುವೆ ಜಾಲದ ಗುರುತು ಸಿಕ್ಕಿಲ್ಲ. ಅವರ ಶ್ರಮ ಹೋದದ್ದು ಬೇರೆ ಕಡೆ. ಪ್ರವಾಹ ಊರಿಗೆ ಬರಬಾರದು ಅಂತ ಹಸಿ ಇಟ್ಟಿಗೆಯ ಭಾರಿ ದಿಬ್ಬ ಕಟ್ಟಿ ಅದರ ಮೇಲೆ ಊರು ಕಟ್ಟಿದರು. ಊರೊಳಗೆ ಬಾವಿ ತೋಡಿದರು. ಮೊಹೆಂಜೊದಾರೊ ಒಂದರಲ್ಲೇ ಸುಮಾರು 700 ಬಾವಿ ಇದ್ದಿರಬಹುದು ಅನ್ನೋ ಅಂದಾಜಿದೆ. ಇನ್ನು ಕಚ್ಛದ ಧೋಲಾವೀರ. ಅಲ್ಲಿ ದೊಡ್ಡ ನದಿಯೇ ಇಲ್ಲ, ಮಳೆಗಾಲದ ಎರಡು ಹಳ್ಳ ಮಾತ್ರ. ಆ ಹಳ್ಳಗಳಿಗೆ ಒಡ್ಡು ಹಾಕಿ ನೀರನ್ನು ಊರ ಸುತ್ತಲ ಕಲ್ಲಿನ ಕೆರೆಗಳಿಗೆ ತಿರುಗಿಸಿದರು.

ನದಿಯೊಂದೇ ಎಲ್ಲವನ್ನೂ ಮಾಡಿತು ಅಂತ ನಾನು ಹೇಳೋದಿಲ್ಲ. ದೇವರು, ದೊರೆ, ವ್ಯಾಪಾರ ಎಲ್ಲ ಸೇರಿಯೇ ಊರು ಆಗೋದು. ಉರ್‌ನಲ್ಲಿ ಲಿಯೊನಾರ್ಡ್ ವುಲಿ ಅಗೆದ ಒಂದೇ ಸಮಾಧಿ ಗುಂಡಿಯಲ್ಲಿ 74 ಜನರ ಅಸ್ಥಿ ಸಿಕ್ಕವು, ಒಡೆಯನ ಜೊತೆಗೇ ಸತ್ತು ಮಣ್ಣಾದವರು. ಸಿಂಧೂ ಊರುಗಳಲ್ಲಿ ಅಂಥದ್ದು ಒಂದೂ ಇಲ್ಲ. ಇದು ಅರಮನೆ, ಇದು ದೊರೆಯ ಗೋರಿ ಅಂತ ಬೆರಳು ತೋರಿಸುವಂಥ ಕಟ್ಟಡವೂ ಇಲ್ಲ. ಈ ವ್ಯತ್ಯಾಸ ನೀರಿನಿಂದಷ್ಟೇ ಬಂದದ್ದಲ್ಲ. ಆದರೆ ಮಕ್ಕಳಿಗೆ ಹೇಳುವಾಗ ನೀರಿನಿಂದ ಶುರು ಮಾಡು. ಉಳಿದದ್ದು ಅದರ ಹಿಂದೆ ತಾನಾಗಿ ಬರುತ್ತದೆ.

ಇನ್ನೊಂದು ವಿಷಯ. ಇದು ನನ್ನ ಹೊಟ್ಟೆ ಉರಿಸುವ ವಿಷಯ, ಅದಕ್ಕೇ ಉದ್ದ ಬರೆಯುತ್ತೇನೆ. ಪಾಠದಲ್ಲಿ ಯಾವಾಗಲೂ ಏಳಿಗೆಯದೇ ಹೋಲಿಕೆ. ಇಳಿದದ್ದು ಹೇಗೆ ಅನ್ನೋದನ್ನೂ ಹೋಲಿಸಬೇಕು.

ನಮ್ಮ ಹೊಲದ ಕೆಳಗಿನ ತುದಿಯಲ್ಲಿ ಬೇಸಿಗೆಯಲ್ಲಿ ನೆಲ ಬೆಳ್ಳಗೆ ಕಾಣುತ್ತದೆ. ಕೈಯಲ್ಲಿ ಮುಟ್ಟಿದರೆ ಪುಡಿ, ನಾಲಗೆಗೆ ಉಪ್ಪು. ಸವಳು. ಈ ಕಾಲುವೆಗೆ ಲೆಕ್ಕ ಹಾಕಿದ್ದು ಕಡಿಮೆ ನೀರಿನ ಬೆಳೆಗೆ. ಎಲ್ಲರೂ ಭತ್ತ ಹಾಕಿದೆವು. ಎರೆ ಮಣ್ಣಿನಲ್ಲಿ ನೀರು ಸುಲಭಕ್ಕೆ ಬಸಿದು ಹೋಗೋದಿಲ್ಲ. ನಿಂತ ನೀರು ಒಳಗಿನ ನೀರನ್ನು ಮೇಲೆ ತರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಅದರಲ್ಲಿದ್ದ ಉಪ್ಪು ನೆಲದ ಮೇಲೆ ಉಳಿಯುತ್ತದೆ. ವರ್ಷ ವರ್ಷ ಸ್ವಲ್ಪ ಸ್ವಲ್ಪ. ಮೊದಲು ಸಸಿ ಹಳದಿ ಆಗುತ್ತದೆ, ಆಮೇಲೆ ಮೊಳಕೆಯೇ ಬರೋದಿಲ್ಲ.

ದಕ್ಷಿಣ ಮೆಸೊಪೊಟೇಮಿಯಾದಲ್ಲಿ ಆಗಿದ್ದು ಇದೇ ಅಂತ 1958ರಲ್ಲಿ ಜೇಕಬ್ಸನ್ ಮತ್ತು ಆಡಮ್ಸ್ ಅನ್ನುವ ಇಬ್ಬರು ವಿದ್ವಾಂಸರು ಬರೆದರು. ಹಳೆಯ ಮಣ್ಣಿನ ಹಲಗೆಗಳಲ್ಲಿದ್ದ ಬೆಳೆಯ ಲೆಕ್ಕವನ್ನೇ ಅವರು ಸಾಕ್ಷಿಗೆ ಹಿಡಿದರು. ಗೋಧಿ ಉಪ್ಪು ತಡೆಯೋದಿಲ್ಲ, ಜವೆಗೋಧಿ ಸ್ವಲ್ಪ ತಡೆಯುತ್ತದೆ. ಶತಮಾನಗಳು ಕಳೆದ ಹಾಗೆ ಅಲ್ಲಿ ಗೋಧಿ ಕಡಿಮೆಯಾಗುತ್ತ ಬಂತು, ಜವೆಯೇ ಉಳಿಯಿತು, ಕೊನೆಗೆ ಜವೆಯ ಇಳುವರಿಯೂ ಕುಸಿಯಿತು ಅನ್ನೋದು ಅವರ ವಾದ. ಆ ಲೆಕ್ಕವನ್ನು ಅಷ್ಟು ದೂರ ಎಳೆಯಬಾರದು, ಅಲ್ಲಿನ ರೈತರಿಗೆ ನೆಲಕ್ಕೆ ಒಂದು ವರ್ಷ ಬಿಡುವು ಕೊಟ್ಟು ಉಪ್ಪು ಇಳಿಸುವ ಉಪಾಯ ಗೊತ್ತಿತ್ತು ಅಂತ ಆಮೇಲೆ ಬಂದವರು ತಕರಾರು ತೆಗೆದರು. ಎಷ್ಟು ಉಪ್ಪು ಅನ್ನೋದರ ಬಗ್ಗೆ ಜಗಳ ಇದೆ. ಉಪ್ಪು ಇತ್ತು ಅನ್ನೋದರ ಬಗ್ಗೆ ಇಲ್ಲ.

ಸಿಂಧೂ ಊರುಗಳ ಕಥೆ ಬೇರೆ. ಕ್ರಿ.ಪೂ. 2200ರ ಸುಮಾರಿನಿಂದ ಮುಂಗಾರು ಸಣ್ಣಗಾಗುತ್ತ ಬಂದ ಗುರುತುಗಳಿವೆ. ಕ್ರಿ.ಪೂ. 1900ರ ಹೊತ್ತಿಗೆ ದೊಡ್ಡ ಊರುಗಳು ಬರಿದಾದವು. ಜನ ಸಾಯಲಿಲ್ಲ, ಪೂರ್ವಕ್ಕೆ ಸರಿದು ಸಣ್ಣ ಸಣ್ಣ ಹಳ್ಳಿಗಳಲ್ಲಿ ನೆಲೆಸಿದರು. ಅವರ ಜೊತೆ ಬೇಸಾಯ ಹೋಯಿತು, ಲಿಪಿ ಹೋಗಲಿಲ್ಲ. ತೂಕದ ಕಲ್ಲುಗಳು, ಮುದ್ರೆಗಳು ಬಳಕೆ ತಪ್ಪಿದವು. ಒಬ್ಬರಿಗೆ ನೀರು ಜಾಸ್ತಿ ನಿಂತ ಕಷ್ಟ, ಇನ್ನೊಬ್ಬರಿಗೆ ನೀರು ಬಾರದ ಕಷ್ಟ.

ಇವತ್ತು ಮೊಹೆಂಜೊದಾರೊದ ಗೋಡೆಗಳನ್ನು ತಿನ್ನುತ್ತಿರೋದು ಏನು ಗೊತ್ತಾ? ಉಪ್ಪು. 1932ರಲ್ಲಿ ಸಿಂಧ್‌ನಲ್ಲಿ ಸಕ್ಕರ್ ಬ್ಯಾರೇಜ್ ಆಯಿತು. ಸುತ್ತಮುತ್ತ ಕಾಲುವೆ ಬಂತು, ಭತ್ತ ಬಂತು, ನೆಲದೊಳಗಿನ ನೀರು ಮೇಲೆ ಬಂತು. ಆ ನೀರು ಹಳೆಯ ಇಟ್ಟಿಗೆಯೊಳಗೆ ಏರಿ, ಆರಿ, ಉಪ್ಪಿನ ಹರಳಾಗಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಸಾವಿರಾರು ವರ್ಷ ಮಣ್ಣಿನಡಿ ಗಟ್ಟಿಯಾಗಿದ್ದ ಗೋಡೆಗಳು ತೆರೆದ ನೂರೇ ವರ್ಷದಲ್ಲಿ ಉದುರುತ್ತಿವೆ. ಯುನೆಸ್ಕೊ ಸಹಾಯದಿಂದ ಪಂಪ್ ಹಾಕಿ ನೀರು ಇಳಿಸುವ ಕೆಲಸ ನಡೆಯಿತು. ನಮ್ಮ ಕಾಲುವೆಯ ಅಂಚಿನ ಮಕ್ಕಳಿಗೆ ಇದನ್ನು ಹೇಳದೆ ಈ ಪಾಠ ಮುಗಿಸಬೇಡ ತಂಗಿ.

ಹುಣಸಗಿ ಟೀಚರ್:

ಸರ್, ಓದಿ ಬಹಳ ಹೊತ್ತು ಸುಮ್ನೆ ಕೂತೆ. ನಮ್ಮ ಶಾಲೆಯ ಹಿಂದೆಯೂ ಅಂಥ ಬಿಳಿ ನೆಲ ಇದೆ. ನಾಳೆ ಮಕ್ಕಳನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗ್ತೀನಿ. ಬಸಿಗಾಲುವೆ ಹಾಕಿದರೆ ಸವಳು ನೆಲ ಮತ್ತೆ ಸರಿಯಾಗುತ್ತದಾ ಅಂತ ಕೇಳಿಯೇ ಕೇಳುತ್ತಾರೆ, ಅದನ್ನೂ ಹೇಳಿ. ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ಆಗ ನಮ್ಮ ಕಡೆ ಏನಿತ್ತು? ಮತ್ತೆ, ಅವರ ಲಿಪಿ ಓದಲು ಬಂತು, ಸಿಂಧೂ ಲಿಪಿ ಯಾಕೆ ಬರಲಿಲ್ಲ ಅನ್ನೋದೂ ಬೇಕು.

ಬಿದರಿ ಕುಸುರಿ:

ಅಕ್ಕಾ, ನಾನು ಬೀದರ್‌ನವನು, ಬಿದರಿ ಕೆಲಸ ಮಾಡ್ತೀನಿ. ಮುದ್ರೆ ಮತ್ತು ಮಣಿಯ ಬಗ್ಗೆ ಎರಡು ಮಾತು.

ಎರಡೂ ಕಡೆಯವರಿಗೆ ಬೇಕಾಗಿದ್ದು ಒಂದೇ: ಇದು ಇಂಥವರ ಸರಕು ಅಂತ ಗುರುತು. ಮಾಡಿದ ರೀತಿ ಬೇರೆ. ಮೆಸೊಪೊಟೇಮಿಯಾದವರದು ಉರುಳೆ ಮುದ್ರೆ. ಬೆರಳಿನ ಗಾತ್ರದ ದುಂಡು ಕಲ್ಲಿನ ಸುತ್ತ ಚಿತ್ರ ಕೆತ್ತಿ, ಹಸಿ ಮಣ್ಣಿನ ಮೇಲೆ ಉರುಳಿಸುತ್ತಿದ್ದರು. ಚಿತ್ರ ಪಟ್ಟಿಯ ಹಾಗೆ ಬರುತ್ತಾ ಹೋಗುತ್ತದೆ. ದೇವರು, ದೊರೆ, ಊಟದ ಪಂಕ್ತಿ, ಸಿಂಹದ ಜೊತೆ ಕಾಳಗ. ಸಿಂಧೂ ಜನರದು ಹೆಚ್ಚಾಗಿ ಚೌಕ ಮುದ್ರೆ, ಎರಡರಿಂದ ಮೂರು ಸೆಂಟಿಮೀಟರ್ ಅಷ್ಟೇ. ಕೆಳಗೆ ಒಂದು ಪ್ರಾಣಿ, ಮೇಲೆ ಒಂದು ಸಾಲು ಅಕ್ಷರ. ಹಿಂಬದಿಗೆ ದಾರ ಪೋಣಿಸಲು ತೂತಿರುವ ಗುಬ್ಬಿ. ಕಲ್ಲು ಮೆತ್ತನೆಯ ಬಳಪದ ಕಲ್ಲು. ಕೆತ್ತಿ ಆದ ಮೇಲೆ ಮೇಲೊಂದು ಲೇಪ ಹಚ್ಚಿ ಬೆಂಕಿಗೆ ಇಡುತ್ತಿದ್ದರು. ಕಲ್ಲು ಗಟ್ಟಿಯಾಗಿ ಬೆಳ್ಳಗಾಗುತ್ತದೆ. ಗೂಳಿಯ ಚಿತ್ರ ಇರುವ ಸಿಂಧೂ ಮುದ್ರೆಯ ದೊಡ್ಡ ಫೋಟೊ ಸಿಕ್ಕರೆ ಮಕ್ಕಳಿಗೆ ತೋರಿಸಿ. ಕತ್ತಿನ ಕೆಳಗೆ ಜೋತ ಗಂಗೆದೊಗಲಿನ ಒಂದೊಂದು ಮಡಿಕೆಯೂ ಬೇರೆ ಬೇರೆ ಕಾಣುತ್ತದೆ. ಅಷ್ಟು ಸಣ್ಣ ಜಾಗದಲ್ಲಿ, ಅದೂ ಉಲ್ಟಾ ಕೆತ್ತಬೇಕು. ಉಳಿ ಒಂದು ಕೂದಲೆಳೆ ಜಾರಿದರೂ ಕೆಲಸ ಹಾಳು. ದಿನಾ ಉಳಿ ಹಿಡಿಯುವವನಿಗೆ ಆ ಕೈ ಎಂಥದ್ದು ಅಂತ ಗೊತ್ತಾಗುತ್ತದೆ.

ಮಣಿ ಇನ್ನೂ ಕಷ್ಟ. ಕಾರ್ನೀಲಿಯನ್ ಗಾಜಿಗಿಂತ ಗಟ್ಟಿ ಕಲ್ಲು. ಬೆರಳುದ್ದದ ಮಣಿಗೆ ಈ ತುದಿಯಿಂದ ಆ ತುದಿಗೆ ತೂತು ಹಾಕಬೇಕು. ಅದಕ್ಕೆ ಅವರು ವಿಶೇಷ ಗಟ್ಟಿ ಕಲ್ಲಿನ ಮೊನೆ ಮಾಡಿಕೊಂಡಿದ್ದರು. ಮಾರ್ಕ್ ಕೆನೋಯರ್ ಅನ್ನುವ ಸಂಶೋಧಕರು ಅದೇ ರೀತಿ ಮಾಡಿ ನೋಡಿದಾಗ ಗಂಟೆಗೆ ಸುಮಾರು ಎರಡೂವರೆ ಮಿಲಿಮೀಟರ್ ಇಳಿಯಿತು. ಒಂದು ಮಣಿಗೆ ಎಷ್ಟು ದಿನ ಅಂತ ಮಕ್ಕಳೇ ಲೆಕ್ಕ ಹಾಕಲಿ. ಗುಜರಾತಿನ ಖಂಭಾತ್‌ನಲ್ಲಿ ಇವತ್ತೂ ಅಕೀಕ್ (ಕಾರ್ನೀಲಿಯನ್ ಜಾತಿಯ ಕಲ್ಲು) ಮಣಿ ಮಾಡುವ ಮನೆಗಳಿವೆ, ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ ಕೆಂಪು ಬರಿಸುವ ಕೆಲಸವೂ ಇದೆ. ಉರ್‌ನ ರಾಣಿಯರ ಕೊರಳಿಗೆ ಹೋದದ್ದು ಈ ಕಡೆಯ ಕುಶಲಿಗರ ಕೆಲಸ. ಅವರ ಹೆಸರು ಎಲ್ಲೂ ಇಲ್ಲ. ರಾಣಿಯರದು ಇದೆ.

ಶಹಾಪುರ ಕಾಲುವೆ ಅಂಚು:

ಬಸಿಗಾಲುವೆಯ ಉತ್ತರ ಮೊದಲು. ಸರಿಯಾಗುತ್ತದೆ, ಆದರೆ ನಿಧಾನಕ್ಕೆ. ನೆಲದಡಿ ತೂತಿನ ಪೈಪ್ ಹಾಕಿ ನೀರು ಬಸಿದು ಹೋಗುವ ದಾರಿ ಮಾಡಬೇಕು, ಮೇಲಿಂದ ಒಳ್ಳೆಯ ನೀರು ಬಿಟ್ಟು ಉಪ್ಪು ತೊಳೆಯಬೇಕು. ಕ್ಷಾರ ಇದ್ದರೆ ಜಿಪ್ಸಂ ಹಾಕಬೇಕು. ಬಸಿದ ನೀರಿಗೆ ಕೆಳಗೆ ಹಳ್ಳದ ದಾರಿ ಇರಬೇಕು. ಪಕ್ಕದ ಹೊಲದವರೂ ಒಪ್ಪದೆ ಒಬ್ಬನೇ ಮಾಡಲು ಬಾರದು.

ಈಗ ಆ ಹುಡುಗನ ಪ್ರಶ್ನೆ. ಅವನಿಗೆ ಹೇಳು: ನಿಮ್ಮ ಕಡೆ ಜನ ಇದ್ದರು, ಮತ್ತು ಅವರ ಗುರುತು ನಿಮ್ಮ ತಾಲೂಕಿನ ಸುತ್ತಲೇ ಇದೆ. ಕೊಡೇಕಲ್ ಅಂದರೆ ಮಕ್ಕಳಿಗೆ ಕೊಡೇಕಲ್ ಬಸವಣ್ಣ ಗೊತ್ತು. ಅದೇ ಕೊಡೇಕಲ್‌ನಲ್ಲಿ, ಮತ್ತು ಬೂದಿಹಾಳದಲ್ಲಿ, ಹೊಸ ಶಿಲಾಯುಗದ ಬೂದಿ ದಿಬ್ಬಗಳಿವೆ. ಎರಡನ್ನೂ ಅಗೆದವರು ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ. ಕೃಷ್ಣಾ ಮತ್ತು ಭೀಮಾ ನಡುವಿನ ಈ ಶೋರಾಪುರ ದೋಆಬನ್ನು ಅವರಷ್ಟು ನಡೆದು ನೋಡಿದವರು ಇಲ್ಲ.

ಆ ದಿಬ್ಬ ಏನು ಅಂದರೆ ಸುಟ್ಟ ಸಗಣಿ. ದನ ಕಟ್ಟಿದ ಜಾಗದಲ್ಲಿ ವರ್ಷಗಟ್ಟಲೆ ಸಗಣಿ ಕೂಡಿ, ಅದಕ್ಕೆ ಆಗಾಗ ಬೆಂಕಿ ಹಾಕಿ, ಪದರದ ಮೇಲೆ ಪದರ ಬೂದಿ ಬೆಳೆದದ್ದು. ಕೆಲವು ಕಡೆ ಬಿಸಿಗೆ ಕರಗಿ ಕಿಟ್ಟದ ಹಾಗೆ ಗಟ್ಟಿಯಾಗಿದೆ. ತೆಲಂಗಾಣದ ಉಟ್ನೂರಿನ ಇಂಥದೇ ದಿಬ್ಬವನ್ನು ರೇಮಂಡ್ ಆಲ್ಚಿನ್ ಅಗೆದಾಗ ಬೂದಿಯಲ್ಲಿ ದನದ ಗೊರಸಿನ ಗುರುತು ಸಿಕ್ಕವು. ಬೂದಿಹಾಳದಲ್ಲಿ ದಿಬ್ಬದ ಪಕ್ಕವೇ ಜನ ವಾಸವಿದ್ದ ಜಾಗ, ಮಾಂಸ ಕತ್ತರಿಸುತ್ತಿದ್ದ ನೆಲ, ಚಕಮಕಿ ಜಾತಿಯ ಕಲ್ಲಿನಿಂದ ಅಲಗು ತೆಗೆಯುತ್ತಿದ್ದ ಜಾಗ ಎಲ್ಲ ಸಿಕ್ಕಿದೆ. ಕಾಲ ಕ್ರಿ.ಪೂ. ಮೂರನೇ ಸಹಸ್ರಮಾನದ ಕೊನೆ ಮತ್ತು ಅದರ ಆಚೀಚೆ. ಅಂದರೆ ಮೊಹೆಂಜೊದಾರೊದಲ್ಲಿ ಗಟಾರ ಸ್ವಚ್ಛ ಮಾಡುವಾಗ, ಉರ್‌ನಲ್ಲಿ ಜಿಗ್ಗುರಾತ್ ಏಳುವಾಗ, ಇಲ್ಲಿ ದನಗಾಹಿಗಳ ಊರು ನಡೆದಿತ್ತು. ಈ ಕಾಲದ ನಮ್ಮ ಕಡೆಯ ಜನ ಹೆಸರು, ಹುರುಳಿ, ಕೊರಲೆಯಂಥ ಸಣ್ಣ ಕಾಳು ಬೆಳೆಯುತ್ತಿದ್ದರು. ಜೋಳದ ತವರು ಆಫ್ರಿಕಾ, ಅದು ಇಲ್ಲಿಗೆ ಬಂದದ್ದು ಆಮೇಲೆ.

ಊರು ಕಟ್ಟಲಿಲ್ಲ, ಹಿಂದುಳಿದಿದ್ದರು ಅಂತ ಮಾತ್ರ ಹೇಳಬೇಡ. ವರ್ಷಕ್ಕೆ ನಾಲ್ಕು ತಿಂಗಳು ಮಳೆ, ಉಳಿದದ್ದು ಬಿಸಿಲು. ಇಂಥ ನೆಲದಲ್ಲಿ ದನ ಕಟ್ಟಿಕೊಂಡು ಮೇವು ನೀರಿನ ಹಿಂದೆ ಹೋಗೋದು ಬುದ್ಧಿವಂತರ ಕೆಲಸ. ಆ ದಿಬ್ಬಗಳ ಬೂದಿಯನ್ನು ಗೊಬ್ಬರಕ್ಕೆ ಅಂತ ಗಾಡಿಗಟ್ಟಲೆ ಒಯ್ದು ಬಹಳ ಹಾಳಾಗಿವೆ. ಮಕ್ಕಳು ತಿಳಿದುಕೊಂಡರೆ ಮನೆಯಲ್ಲಿ ಹೇಳುತ್ತಾರೆ, ಉಳಿದದ್ದಾ­ದರೂ ಉಳಿಯುತ್ತದೆ.

ಲಿಪಿಯ ವಿಷಯ. ಬೆಣೆಲಿಪಿ ಓದಲು ಬಂದದ್ದು ಇರಾನಿನ ಬೆಹಿಸ್ತೂನ್ ಬಂಡೆಯಿಂದ. ಅಲ್ಲಿ ದೊರೆ ಡೇರಿಯಸ್ ಒಂದೇ ವಿಷಯವನ್ನು ಮೂರು ಭಾಷೆಯಲ್ಲಿ ಕೆತ್ತಿಸಿದ್ದ. ಒಂದನ್ನು ಬಿಡಿಸಿದರೆ ಇನ್ನೊಂದಕ್ಕೆ ದಾರಿ. 1857ರಲ್ಲಿ ಲಂಡನ್ನಿನಲ್ಲಿ ಒಂದು ಪರೀಕ್ಷೆಯನ್ನೇ ಮಾಡಿದರು. ರಾಲಿನ್ಸನ್, ಹಿಂಕ್ಸ್, ಟಾಲ್ಬಟ್, ಓಪರ್ಟ್ ಅನ್ನುವ ನಾಲ್ವರು ವಿದ್ವಾಂಸರೂ ಒಂದೇ ಶಾಸನವನ್ನು ಬೇರೆ ಬೇರೆ ಕೂತು ಅನುವಾದಿಸಿ ಲಕೋಟೆಯಲ್ಲಿ ಮುಚ್ಚಿ ಕೊಟ್ಟರು. ತೆರೆದು ನೋಡಿದರೆ ಮುಖ್ಯ ಅರ್ಥ ಹೊಂದುತ್ತಿತ್ತು. ಅಶೋಕನ ಕಾಲದ ನಮ್ಮ ಬ್ರಾಹ್ಮಿ ಲಿಪಿಗೂ ಎರಡು ಲಿಪಿಯ ನಾಣ್ಯಗಳು ಸಹಾಯ ಮಾಡಿದವು, 1837ರ ಹೊತ್ತಿಗೆ ಪ್ರಿನ್ಸೆಪ್ ಅನ್ನುವ ಇಂಗ್ಲಿಷ್ ವಿದ್ವಾಂಸ ಅದನ್ನು ಓದಿದ. ಅದರಿಂದಲೇ ಭೀಮಾ ದಂಡೆಯ ಸನ್ನತಿಯಲ್ಲಿ ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾಯಿತು.

ಸಿಂಧೂ ಲಿಪಿಗೆ ಅಂಥ ಜೋಡಿ ಶಾಸನ ಸಿಕ್ಕಿಲ್ಲ. ಚಿಹ್ನೆ ಸುಮಾರು 400, ಆದರೆ ಒಂದೊಂದು ಬರಹದಲ್ಲಿ ಸರಾಸರಿ ಐದೇ ಚಿಹ್ನೆ. ಅದು ಯಾವ ಭಾಷೆ ಅನ್ನೋದೂ ತೀರ್ಮಾನವಾಗಿಲ್ಲ. 2025ರ ಜನವರಿಯಲ್ಲಿ ತಮಿಳುನಾಡು ಮುಖ್ಯಮಂತ್ರಿ ಇದನ್ನು ಬಿಡಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿದರು.

ಒಂದು ಮಾತ್ರ ಗೊತ್ತು, ಹೆಚ್ಚಾಗಿ ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಹೇಗೆ ಗೊತ್ತಾಯಿತು ಅಂದರೆ, ಕೆಲವು ಬರಹಗಳಲ್ಲಿ ಎಡ ತುದಿಗೆ ಬರುವಾಗ ಜಾಗ ಸಾಲದೆ ಅಕ್ಷರಗಳು ಒತ್ತೊತ್ತಾಗಿ ಸಣ್ಣಗಾಗಿವೆ. ರಾಜಸ್ಥಾನದಲ್ಲಿರುವ ಸಿಂಧೂ ಕಾಲದ ಊರು ಕಾಲಿಬಂಗನ್‌ನಲ್ಲಿ ಸಿಕ್ಕ ಮಡಕೆ ಚೂರಿನಲ್ಲಿ ಯಾವ ಗೀರು ಯಾವುದರ ಮೇಲೆ ಹಾದಿದೆ ಅಂತ ನೋಡಿಯೂ ಇದನ್ನು ಹೇಳಿದರು. ನಿನ್ನ ಕ್ಲಾಸಿನಲ್ಲಿ ಉರ್ದು ಬರುವ ಮಕ್ಕಳಿದ್ದರೆ ಬಲದಿಂದ ಬರೆಯೋದು ಹೇಗೆ ಅಂತ ಅವರಿಂದಲೇ ಬೋರ್ಡಿನ ಮೇಲೆ ಬರೆಸಿ ತೋರಿಸು. ಆಮೇಲೆ ಮುದ್ರೆಯ ಚಿತ್ರ ಬಿಡಿಸುವಾಗ ಒಂದು ನೆನಪಿಡು. ಮುದ್ರೆಯ ಕಲ್ಲಿನಲ್ಲಿ ಅಕ್ಷರ ಉಲ್ಟಾ ಇರುತ್ತವೆ, ಮಣ್ಣಿನ ಮೇಲೆ ಒತ್ತಿದಾಗ ಬರೋದೇ ಸರಿಯಾದ ಸಾಲು. ಪುಸ್ತಕದಲ್ಲಿರುವ ಫೋಟೊ ಕಲ್ಲಿನದೋ ಒತ್ತಿದ ಮಣ್ಣಿನದೋ ಅಂತ ಮೊದಲು ನೋಡಿಕೊಂಡು ಬಿಡಿಸು.